ಗೋಮಾಳದ ಆಟಕ್ಕೆ ಗೇಟು ಬಂದ ಕಥೆ

ಗಾಲ್ಫ್ ಎಂದೊಡನೆ ನಮ್ಮ ಕಣ್ಣಿಗೆ ಮೊದಲು ಬೀಳುವುದು ಆಟವಲ್ಲ, ಗೇಟು. ಎತ್ತರದ ಕಾಂಪೌಂಡು ಗೋಡೆ, ಅದರಾಚೆ ಮಿರುಗುವ ಹಸುರು, ಬಾಗಿಲಲ್ಲಿ ಸಲಾಮು ಹೊಡೆಯುವ ಕಾವಲುಗಾರ. ಇಷ್ಟನ್ನು ಬಸ್ಸಿನ ಕಿಟಕಿಯಿಂದ ಕಂಡು, ‘ಇದು ನಮ್ಮಂಥವರ ಆಟವಲ್ಲ’ ಎಂದುಕೊಂಡು ಮುಂದೆ ಸಾಗುವವರೇ ನಮ್ಮಲ್ಲಿ ಹೆಚ್ಚು. ಈ ಲೇಖಕನೂ ಅದೇ ಗುಂಪಿನವನು. ಗಾಲ್ಫ್ ಕೋಲನ್ನು ಒಮ್ಮೆಯೂ ಕೈಯಲ್ಲಿ ಹಿಡಿದವನಲ್ಲ. ಆದರೆ ಈ ಆಟದ ಚರಿತ್ರೆಯನ್ನು ಓದುತ್ತ ಹೋದಾಗ ಒಂದು ಸಂಗತಿ ತಿಳಿದು ಬೆರಗಾಯಿತು. ಸಿರಿವಂತಿಕೆಯ ಗುರುತೇ ಆಗಿಬಿಟ್ಟಿರುವ ಈ ಆಟ ಬೆಳೆದದ್ದು ಬೇಲಿಯೇ ಇಲ್ಲದ ಊರ ಗೋಮಾಳದಲ್ಲಿ! ಅಲ್ಲಿ ಆಡಲು ಊರವರು ಕಾಸು ಕೊಡಬೇಕಾಗಿರಲಿಲ್ಲ. ಅದೂ ಒಂದೆರಡು ವರ್ಷವಲ್ಲ, ಹತ್ತಿರ ಹತ್ತಿರ ನಾಲ್ಕು ನೂರು ವರ್ಷ.

ಆ ಊರು ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್. ಅಲ್ಲಿಯ ‘ಓಲ್ಡ್ ಕೋರ್ಸ್’ ಎಂಬ ಮೈದಾನದಲ್ಲಿ 2025ರ ಬೇಸಗೆಯಲ್ಲಿ ಒಬ್ಬ ಪ್ರವಾಸಿ ಒಂದು ಸುತ್ತು ಆಡಲು ತೆರಬೇಕಾಗಿದ್ದ ಶುಲ್ಕ 340 ಪೌಂಡು, ಎಂದರೆ ಹೆಚ್ಚುಕಡಮೆ 40 ಸಾವಿರ ರೂಪಾಯಿ. 2019ರಲ್ಲಿ ಅದು 190 ಪೌಂಡು ಇತ್ತು, 2024ರಲ್ಲಿ 320 ಆಯಿತು. ಗೋಮಾಳಕ್ಕೆ ಈ ಬೆಲೆ ಬಂದದ್ದು ಹೇಗೆ? ಊರವನ ಗತಿ ಏನಾಯಿತು? ನಿಧಾನವಾಗಿ ನೋಡೋಣ.

ಕಡಲ ಕರೆಯ ಹುಲ್ಲುಗಾವಲು

ಸ್ಕಾಟ್‌ಲೆಂಡಿನ ಪೂರ್ವ ಕರಾವಳಿಯಲ್ಲಿ ಕಡಲಿಗೂ ಹೊಲಗಳಿಗೂ ನಡುವೆ ಮರಳುದಿಣ್ಣೆಗಳ ಒಂದು ಪಟ್ಟಿ ಹಬ್ಬಿದೆ. ಇದಕ್ಕೆ ಅವರ ಮಾತಿನಲ್ಲಿ ‘ಲಿಂಕ್ಸ್’ ಎಂದು ಹೆಸರು. ಉಪ್ಪುಗಾಳಿ, ಮರಳುನೆಲ, ಬಿತ್ತಿದರೆ ಬೆಳೆ ಬಾರದು. ಮೊಳೆಯುವುದು ಗಿಡ್ಡ ಜಾತಿಯ ಒರಟು ಹುಲ್ಲು ಮಾತ್ರ. ಹಾಗಾಗಿ ಅದು ಊರಿಗೆಲ್ಲ ಸೇರಿದ ಜಾಗವಾಯಿತು. ಜನ ಅಲ್ಲಿ ದನ ಕುರಿ ಮೇಯಿಸಿದರು, ಬಟ್ಟೆ ಒಣಹಾಕಿದರು, ಹುಲ್ಲುಹೆಂಟೆ ಕಿತ್ತು ಮನೆಗೆ ಒಯ್ದರು, ಬಿಲ್ಲುವಿದ್ಯೆ ಅಭ್ಯಾಸ ಮಾಡಿದರು. ಬಿಡುವಿದ್ದಾಗ ಕೋಲಿನಿಂದ ಚೆಂಡು ಹೊಡೆದು ದೂರದ ಗುಳಿಗೆ ಬೀಳಿಸುವ ಆಟವನ್ನೂ ಆಡಿದರು. ನಮ್ಮ ಹುಡುಗರು ಗೋಮಾಳದಲ್ಲಿ ಚಿನ್ನಿದಾಂಡು ಆಡಿದಂತೆಯೇ ಇದು ಎಂದರೆ ತಪ್ಪಾಗದು.

ಆಟದ ಹುಚ್ಚು ಎಷ್ಟು ಏರಿತೆಂದರೆ 1457ರಲ್ಲಿ ಎರಡನೆಯ ಜೇಮ್ಸ್ ದೊರೆಯ ಕಾಲದ ಶಾಸನಸಭೆ ಫುಟ್‌ಬಾಲನ್ನೂ ಗಾಲ್ಫನ್ನೂ ನಿಷೇಧಿಸಿತು. ಇಂಗ್ಲೆಂಡಿನೊಡನೆ ಯುದ್ಧದ ಭಯ ಸದಾ ಇದ್ದ ಕಾಲ. ಗಂಡಸರು ಬಿಲ್ಲು ಹಿಡಿಯುವ ಬದಲು ಚೆಂಡಿನ ಹಿಂದೆ ಓಡುತ್ತಿದ್ದರು. 1471ರಲ್ಲಿ, 1491ರಲ್ಲಿ ಮತ್ತೆ ಅದೇ ನಿಷೇಧ ಹೊರಬಿತ್ತು. ಒಂದೇ ಕಟ್ಟಳೆಯನ್ನು ಮೂರು ಸಲ ಹೊರಡಿಸಬೇಕಾಯಿತೆಂದರೆ ಅದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲವೆಂದೇ ಅರ್ಥವಲ್ಲವೇ? ಕೊನೆಗೆ 1502ರಲ್ಲಿ, ಇಂಗ್ಲೆಂಡಿನೊಡನೆ ಶಾಂತಿಯ ಒಪ್ಪಂದವಾದ ವರ್ಷ, ನಾಲ್ಕನೆಯ ಜೇಮ್ಸ್ ದೊರೆಯೇ ಪರ್ತ್ ಊರಿನಲ್ಲಿ ಗಾಲ್ಫ್ ಕೋಲುಗಳನ್ನು ಕೊಂಡ. ಮಾಡಿಕೊಟ್ಟವನು ಯಾರು ಗೊತ್ತೇ? ಬಿಲ್ಲು ಮಾಡುವ ಕಸಬಿನವನು!

ಮೊಲಗಳೂ ಒಂದು ಸನ್ನದೂ

ಸೇಂಟ್ ಆಂಡ್ರೂಸ್ ಊರಿನ ಅದೃಷ್ಟ ನಿರ್ಧಾರವಾದದ್ದು 1552ರಲ್ಲಿ. ಅಲ್ಲಿಯ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಎಂಬಾತನಿಗೆ ಆ ಹುಲ್ಲುಗಾವಲಿನಲ್ಲಿ ಮೊಲ ಸಾಕುವ ಆಸೆ. ಮಾಂಸಕ್ಕೂ ತುಪ್ಪಳಕ್ಕೂ ಆಗ ಒಳ್ಳೆಯ ಬೆಲೆ ಇತ್ತು. ಊರವರು ಒಪ್ಪಿದರು, ಆದರೆ ಪುಕ್ಕಟೆಯಾಗಿ ಅಲ್ಲ. ಮೊಲಗಳಿದ್ದರೂ ದನ ಮೇಯಿಸುವ, ಹುಲ್ಲುಹೆಂಟೆ ಕೀಳುವ, ಗಾಲ್ಫ್ ಫುಟ್‌ಬಾಲ್ ಮೊದಲಾದ ಎಲ್ಲ ಆಟಗಳನ್ನೂ ಆಡುವ ಹಕ್ಕು ಊರ ಸಮುದಾಯಕ್ಕೆ ಎಂದೆಂದಿಗೂ ಉಳಿಯತಕ್ಕದ್ದು ಎಂದು ಸನ್ನದಿನಲ್ಲಿ ಬರೆಯಿಸಿಕೊಂಡರು. ಹ್ಯಾಮಿಲ್ಟನ್ ಮುಂದೆ ರಾಜಕೀಯದ ಸುಳಿಗೆ ಸಿಕ್ಕಿ 1571ರಲ್ಲಿ ನೇಣಿಗೇರಿದ. ಅವನ ಕಾಗದ ಮಾತ್ರ ಉಳಿಯಿತು. ಅದರ ಬೆಲೆ ತಿಳಿದುಬಂದದ್ದು ಇನ್ನೂರೈವತ್ತು ವರ್ಷಗಳ ಮೇಲೆ.

1797ರಲ್ಲಿ ಊರ ಪುರಸಭೆ ಸಾಲದಲ್ಲಿ ಮುಳುಗಿತು. ತೀರಿಸುವ ದಾರಿ ಕಾಣದೆ ಊರ ಹುಲ್ಲುಗಾವಲನ್ನೇ ಮಾರಿಬಿಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಸ್ವಲ್ಪ ಕಾಲದಲ್ಲೇ ಅದು ಡೆಂಪ್‌ಸ್ಟರ್ ಎಂಬ ವ್ಯಾಪಾರಿಗಳ ಕೈ ಸೇರಿತು. ಅವರಿಗೆ ಬೇಕಾದದ್ದು ಮೊಲದ ವ್ಯಾಪಾರ. ಮೊಲಗಳು ಮೈದಾನದ ತುಂಬ ಬಿಲ ತೋಡಿದವು. ಚೆಂಡು ಉರುಳಿದಲ್ಲೆಲ್ಲ ಬಿಲ. ಆಡುವ ಬಗೆ ಎಂತು? ಊರವರು ಮೊಲಗಳನ್ನು ಕೊಲ್ಲತೊಡಗಿದರು. ಹೊಡೆದಾಟಗಳಾದವು. ವ್ಯಾಜ್ಯ ಎಡಿನ್‌ಬರೊದ ನ್ಯಾಯಾಲಯದಿಂದ ಲಂಡನ್ನಿನ ಪ್ರಭುಗಳ ಸಭೆಯವರೆಗೂ ಹೋಯಿತು. ‘ಮೊಲಗಳ ಯುದ್ಧ’ ಎಂದೇ ಹೆಸರಾದ ಈ ಜಗಳ ಇಪ್ಪತ್ತು ವರ್ಷಕ್ಕೂ ಮೇಲೆ ಎಳೆಯಿತು. ಆಟಗಾರರ ಕೈಯಲ್ಲಿದ್ದ ಒಂದೇ ಆಯುಧ ಆ ಹಳೆಯ ಸನ್ನದು. ನೆಲ ಯಾರದ್ದಾದರೂ ಆಗಲಿ, ಆಡುವ ಹಕ್ಕು ಊರಿನದು ಎಂಬುದು ಅವರ ವಾದ. 1821ರಲ್ಲಿ ನೆರೆಯ ಜಮೀನುದಾರ ಜೇಮ್ಸ್ ಚೀಪ್ ಎಂಬಾತ ಆ ಭೂಮಿಯನ್ನು ಕೊಂಡ. ಅವನೂ ಗಾಲ್ಫ್ ಪ್ರೇಮಿಯೇ. ಮೊಲಗಳು ತೊಲಗಿದವು, ಆಟ ಉಳಿಯಿತು.

ನೆಲ ಪುಕ್ಕಟೆ, ಚೆಂಡು ದುಬಾರಿ

ಹಾಗಾದರೆ ಆಗ ಎಲ್ಲರೂ ಸಮಾನವಾಗಿ ಆಡುತ್ತಿದ್ದರೇ? ಇಲ್ಲ. ಚರಿತ್ರೆಯನ್ನು ಬೆಲ್ಲದ ಪಾಕದಲ್ಲಿ ಅದ್ದಿ ಬರೆಯಬಾರದು. ನೆಲಕ್ಕೆ ಬೆಲೆ ಇರಲಿಲ್ಲ, ನಿಜ, ಚೆಂಡಿಗೆ ಇತ್ತು. ಆಗಿನ ಒಳ್ಳೆಯ ಚೆಂಡೆಂದರೆ ತೊಗಲಿನ ಚೀಲಕ್ಕೆ ಒಂದು ಟೋಪಿ ತುಂಬ ಹಕ್ಕಿಯ ಗರಿಯನ್ನು ಬೇಯಿಸಿ ತುರುಕಿ ಹೊಲಿದದ್ದು. ಕೈಪಳಗಿದ ಕಸಬುದಾರನೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಮಾಡಲಾರ. ಮಳೆಗೆ ನೆನೆದರೆ ಭಾರವಾಗಿ ಹೋಗುತ್ತಿತ್ತು, ಹೊಲಿಗೆ ಬಿಚ್ಚಿದರೆ ಒಂದೇ ಪೆಟ್ಟಿಗೆ ಗರಿ ಗಾಳಿಗೆ. 1754ರಲ್ಲಿ 22 ಮಂದಿ ಸರದಾರರೂ ಸಭ್ಯಸ್ತರೂ ಸೇರಿ ಕಟ್ಟಿದ ಕೂಟ ಇಂಥ ಚೆಂಡನ್ನು ಕೊಳ್ಳಬಲ್ಲವರದು. ಅದೇ 1834ರಲ್ಲಿ ದೊರೆಯ ಅನುಗ್ರಹದಿಂದ ‘ರಾಯಲ್ ಅಂಡ್ ಏನ್ಶಿಯೆಂಟ್ ಕ್ಲಬ್’ ಎಂಬ ಹೆಸರು ಪಡೆಯಿತು. ಬಡವರು ಅದೇ ಮೈದಾನದಲ್ಲಿ ಅಗ್ಗದ ಚೆಂಡಿನಿಂದ ಆಡಿದರು, ಇಲ್ಲವೇ ಸಿರಿವಂತರ ಕೋಲುಗಳನ್ನು ಹೊತ್ತು ‘ಕ್ಯಾಡಿ’ಗಳಾದರು.

ಚೆಂಡಿನ ಬೆಲೆ ಇಳಿಸಿದ್ದು ನಮ್ಮ ಪೂರ್ವ ದಿಕ್ಕಿನ ಒಂದು ಮರ. ಮಲಯದ ಕಾಡುಗಳಲ್ಲಿ ಸಿಗುವ ಗಟ್ಟಾಪರ್ಚಾ ಎಂಬ ಅಂಟಿನಿಂದ 1848ರ ಸುಮಾರಿಗೆ ಹೊಸ ಚೆಂಡು ಬಂತು. ಇದರ ಹಿಂದೆ ಸೊಗಸಾದ ಒಂದು ದಂತಕಥೆಯಿದೆ. ಸಿಂಗಪುರದಿಂದ ಸೇಂಟ್ ಆಂಡ್ರೂಸಿಗೆ ಒಂದು ವಿಷ್ಣುವಿನ ವಿಗ್ರಹ ಬಂತಂತೆ; ದಾರಿಯಲ್ಲಿ ಮುಕ್ಕಾಗದಿರಲೆಂದು ಸುತ್ತ ಗಟ್ಟಾಪರ್ಚಾ ತುಂಬಿದ್ದರಂತೆ; ಆ ಮನೆಯ ಹುಡುಗ ಪ್ಯಾಟರ್‌ಸನ್ ಅದನ್ನೇ ಕಾಯಿಸಿ ಉಂಡೆ ಕಟ್ಟಿ ಗಾಲ್ಫ್ ಆಡಿದನಂತೆ. ಕಥೆ ಎಷ್ಟು ನಿಜವೋ, ಸ್ಥಿತಿಕರ್ತನಾದ ವಿಷ್ಣುವೇ ಬಂದು ಬಡವರ ಆಟವನ್ನು ಉಳಿಸಿದನೆಂದರೆ ನಮಗೇನೂ ಆಕ್ಷೇಪವಿಲ್ಲ! ಗರಿಚೆಂಡಿನ ಹೆಸರಾಂತ ಕುಶಲಿ ಅಲನ್ ರಾಬರ್ಟ್‌ಸನ್ನನಿಗೆ ಮಾತ್ರ ಹೊಟ್ಟೆಗೆ ಹೊಡೆದಂತಾಯಿತು. ಅವನ ಸಹಾಯಕ ಟಾಮ್ ಮಾರಿಸ್ ಒಂದು ದಿನ ಹೊಸ ಚೆಂಡಿನಲ್ಲಿ ಆಡಿದನೆಂದು ಇಬ್ಬರಿಗೂ ಮನಸ್ತಾಪವಾಗಿ ಬೇರೆಯಾದರು. ಈ ಟಾಮ್ ಮಾರಿಸ್ ನೇಕಾರನ ಮಗ. ಮುಂದೆ ಇವನೇ 1861ರಿಂದ 1867ರೊಳಗೆ ನಾಲ್ಕು ಬಾರಿ ‘ಓಪನ್’ ಪಂದ್ಯ ಗೆದ್ದ. 1873ರಲ್ಲಿ ಆ ಪಂದ್ಯ ಮೊದಲ ಬಾರಿಗೆ ಸೇಂಟ್ ಆಂಡ್ರೂಸಿನಲ್ಲಿ ನಡೆದಾಗ ಗೆದ್ದವನು ಟಾಮ್ ಕಿಡ್. ಅದೇ ಊರಿನ ಒಬ್ಬ ಕ್ಯಾಡಿ. ನೆಲ ಎಲ್ಲರದೂ ಆಗಿದ್ದರಿಂದಲೇ ಇಂಥವರು ಬೆಳೆದರು ಎಂಬುದನ್ನು ಮರೆಯಬಾರದು.

ಚೆಂಡು ಅಗ್ಗ, ನೆಲ ದುಬಾರಿ

ಚೆಂಡು ಅಗ್ಗವಾಯಿತು, 1852ರಲ್ಲಿ ಊರಿಗೆ ರೈಲೂ ಬಂತು. ಇನ್ನೇನು, ಜನವೋ ಜನ. ಇಲ್ಲಿಂದ ಲೆಕ್ಕ ತಿರುಗಿತು. ಹಿಂದೆ ನೆಲ ಬೇಕಾದಷ್ಟಿತ್ತು, ಚೆಂಡಿಗೆ ಬರ; ಈಗ ಚೆಂಡು ಬೇಕಾದಷ್ಟು, ನೆಲಕ್ಕೆ ಬರ.

1893ರಲ್ಲಿ ಚೀಪ್ ಮನೆತನದವರಿಂದ ಆ ಭೂಮಿಯನ್ನು ರಾಯಲ್ ಅಂಡ್ ಏನ್ಶಿಯೆಂಟ್ ಕ್ಲಬ್ಬು ಕೊಂಡಿತು. ಊರ ಎದೆ ಧಸಕ್ಕೆಂದಿತು. ಖಾಸಗಿ ಕೂಟದ ಕೈಗೆ ಹೋದ ನೆಲಕ್ಕೆ ನಾಳೆ ಬೇಲಿ ಬಾರದೆಂಬ ಭರವಸೆ ಏನು? ಪುರಸಭೆ ಈ ಬಾರಿ ನಿದ್ದೆ ಮಾಡಲಿಲ್ಲ. ವಿಷಯವನ್ನು ಪಾರ್ಲಿಮೆಂಟಿಗೇ ಒಯ್ದಿತು. 1894ರ ಕಾನೂನಿನಂತೆ ನೆಲ ಮರಳಿ ಊರಿನದಾಯಿತು. ಎರಡನೆಯ ಮೈದಾನವೊಂದನ್ನು ಕಟ್ಟಿಕೊಡುವ ಹೊಣೆ ಕ್ಲಬ್ಬಿನ ಮೇಲೆ ಬಿತ್ತು. ಪ್ರತಿಯಾಗಿ ಅದರ ಸದಸ್ಯರಿಗೆ ಆಟದ ಕೆಲವು ಹೊತ್ತುಗಳು ಮೀಸಲಾದವು. ಊರ ನಿವಾಸಿಗಳಿಗೆ ಆಟ ಉಚಿತ. 1895ರಲ್ಲಿ ಆ ಹೊಸ ಮೈದಾನ ತೆರೆಯಿತು. ಅದರ ಹೆಸರು ಇಂದಿಗೂ ‘ನ್ಯೂ ಕೋರ್ಸ್’. ನೂರಮೂವತ್ತು ವರ್ಷವಾದರೂ ಹೊಸದೇ!

ಆದರೆ ಹುಲ್ಲು ಕತ್ತರಿಸಲು, ಗುಳಿ ಸರಿಪಡಿಸಲು, ಕಡಲ ಕೊರೆತ ತಡೆಯಲು ಹಣ ಬೇಡವೇ? 1913ರಲ್ಲಿ ಓಲ್ಡ್ ಕೋರ್ಸಿನಲ್ಲಿ ಆಡಬಯಸುವ ಹೊರಗಿನವರಿಗೆ ಶುಲ್ಕ ಬಂತು. ಹೊರಗಿನವರು ತಾನೇ, ಕೊಡಲಿ ಎಂದು ಊರವರು ಸುಮ್ಮನಾದರು. 1946ರಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಊರವರಿಗೂ ಶುಲ್ಕ ಬಂತು. ಸನ್ನದಿನ ಕಾಲದಿಂದ ಲೆಕ್ಕ ಹಾಕಿದರೆ ಸುಮಾರು 394 ವರ್ಷಗಳ ಪುಕ್ಕಟೆ ಆಟ ಅಂದಿಗೆ ಮುಗಿಯಿತು. ಒಂದೊಂದು ಹೆಜ್ಜೆಗೂ ಒಂದೊಂದು ಒಪ್ಪತಕ್ಕ ಕಾರಣವಿತ್ತು. ಬೆಲೆ ಏರುವ ರೀತಿಯೇ ಹೀಗೆ. ಅದು ಕಳ್ಳನಂತೆ ಗೋಡೆ ಹಾರಿ ಬರುವುದಿಲ್ಲ, ನೆಂಟನಂತೆ ಕಾರಣ ಹೇಳಿಕೊಂಡೇ ಬರುತ್ತದೆ.

1974ರಲ್ಲಿ, ಸ್ಥಳೀಯ ಆಡಳಿತದ ಹೊಸ ವ್ಯವಸ್ಥೆಯಲ್ಲಿ ಹಳೆಯ ಪುರಸಭೆ ಮಾಯವಾಗುವ ಮುನ್ನ, ಮತ್ತೊಂದು ಕಾನೂನಿನ ಮೂಲಕ ಈ ಮೈದಾನಗಳನ್ನು ಒಂದು ಟ್ರಸ್ಟಿಗೆ ವಹಿಸಲಾಯಿತು. ಬಂದ ಹಣ ಮೈದಾನಗಳಿಗೇ ಮರಳಬೇಕು. ಯಾರ ಜೇಬಿಗೂ ಲಾಭ ಸೇರದು. ಆ ಊರಿನ ನಿವಾಸಿ ವರ್ಷಕ್ಕೊಮ್ಮೆ ಟಿಕೇಟು ಕೊಂಡರೆ ಸಾಕು. ಅದರ ದರ ಪ್ರವಾಸಿಯ ದರದೊಡನೆ ಹೋಲಿಸಿದರೆ ತೀರ ಕಡಿಮೆ. ಓಲ್ಡ್ ಕೋರ್ಸಿನ ಮೊದಲ ಗುಳಿಯ ದಾರಿಯನ್ನೂ ಕೊನೆಯ ಗುಳಿಯ ದಾರಿಯನ್ನೂ ಅಡ್ಡಹಾಯ್ದು ಸಾರ್ವಜನಿಕ ರಸ್ತೆಯೊಂದು ಇಂದಿಗೂ ಕಡಲಿಗೆ ಹೋಗುತ್ತದೆ. ಕೆಲವು ದೊಡ್ಡ ಪಂದ್ಯಗಳ ದಿನ ಬಿಟ್ಟರೆ ಭಾನುವಾರ ಅಲ್ಲಿ ಆಟವಿಲ್ಲ; ಅಂದು ಅಜ್ಜಿಯರು ಮೊಮ್ಮಕ್ಕಳನ್ನು ಕರೆದುಕೊಂಡು, ನಾಯಿ ಹಿಡಿದುಕೊಂಡು ಅದೇ ಹುಲ್ಲಿನ ಮೇಲೆ ತಿರುಗಾಡುತ್ತಾರೆ. ಪ್ರವಾಸಿ ನೂರಾರು ಪೌಂಡು ತೆತ್ತು ತುಳಿಯುವ ಹುಲ್ಲನ್ನು ಊರ ಅಜ್ಜಿ ಪುಕ್ಕಟೆಯಾಗಿ ತುಳಿಯುತ್ತಾಳೆ. ಇದು ದೊರೆಯ ದಯೆಯಲ್ಲ, ಟ್ರಸ್ಟಿನ ಔದಾರ್ಯವೂ ಅಲ್ಲ, ಬರೆದಿಟ್ಟ ಹಕ್ಕು.

ವಿಳಾಸದ ಬೆಲೆ

ಇಷ್ಟು ಓದಿದವರು, ‘ಹಾಗಾದರೆ ಊರವರಿಗೆ ತೊಂದರೆ ಏನು?’ ಎಂದು ಕೇಳಬಹುದು. ಎರಡು ತೊಂದರೆಗಳಿವೆ.

ಮೊದಲನೆಯದು ಹೊತ್ತು. ಮೈದಾನ ಒಂದೇ, ಹಗಲಿನ ಗಂಟೆಗಳು ಇಷ್ಟೇ. ಒಂದು ತಂಡ ಹೊರಟು ಮುಂದೆ ಸಾಗಿದ ಮೇಲಷ್ಟೇ ಇನ್ನೊಂದು ತಂಡ ಹೊರಡಬೇಕು. ಹೊರಗಿನವನಿಗೆ ಮಾರಿದ ಪ್ರತಿಯೊಂದು ಹೊತ್ತೂ ಊರವನಿಗೆ ಇಲ್ಲದ ಹೊತ್ತು. ಪ್ರವಾಸಿಯ ಹಣದಿಂದಲೇ ಊರವನ ಟಿಕೇಟು ಅಗ್ಗವಾಗಿರುವುದು. ಪ್ರವಾಸಿಯಿಂದಲೇ ಊರವನಿಗೆ ಜಾಗ ಕಡಿಮೆಯಾಗುವುದು. ಇಬ್ಬರ ಬೇಡಿಕೆಯನ್ನೂ ತೂಗಿಸಲು ಹೆಸರು ಬರೆದು ಚೀಟಿ ಎತ್ತುವ ಪದ್ಧತಿ ಬಂದಿದೆ. ಊರವನಿಗೆ ಮೀಸಲು ಹೊತ್ತುಗಳುಂಟು. ಆದರೆ ಮನಸ್ಸು ಬಂದಾಗ ಕೋಲು ಹೆಗಲಿಗೇರಿಸಿ ಹೊರಟುಬಿಡುವ ಹಳೆಯ ಕಾಲ ಮರಳದು.

ಎರಡನೆಯದು ಇನ್ನೂ ಆಳವಾದದ್ದು, ನಮ್ಮಂಥ ವಲಸೆಗಾರರಿಗೆ ಬೇಗನೆ ಅರ್ಥವಾಗುವಂಥದ್ದು. ಹಕ್ಕು ಸಿಗುವುದು ವಿಳಾಸದಿಂದ. ಆ ವಿಳಾಸವೇ ದುಬಾರಿಯಾದರೆ? ಗಾಲ್ಫಿನ ಕೀರ್ತಿಯಿಂದ, 1413ರಷ್ಟು ಹಳೆಯ ವಿಶ್ವವಿದ್ಯಾನಿಲಯದಿಂದ, ಪ್ರವಾಸಿಗರ ಹೋಟೆಲುಗಳಿಂದ ಸೇಂಟ್ ಆಂಡ್ರೂಸ್ ಇಂದು ಸ್ಕಾಟ್‌ಲೆಂಡಿನ ಅತ್ಯಂತ ತುಟ್ಟಿಯ ಊರುಗಳಲ್ಲಿ ಒಂದು. ಮೈದಾನದ ಅಂಚಿನ ಮನೆಗಳು ಕೋಟ್ಯಧೀಶರ ಪಾಲು. ಟಾಮ್ ಮಾರಿಸ್‌ನಂಥ ನೇಕಾರನ ಮಗ ಇಂದು ಹುಟ್ಟಿದ್ದರೆ ಅವನಿಗೆ ಆಟದ ಶುಲ್ಕ ತಡೆಯಾಗುತ್ತಿರಲಿಲ್ಲ, ಮನೆಯ ಬಾಡಿಗೆ ತಡೆಯಾಗುತ್ತಿತ್ತು. ಗೇಟನ್ನು ಮೈದಾನಕ್ಕೆ ಹಾಕಲು ಕಾನೂನು ಬಿಡದಿದ್ದಾಗ ಅದು ಊರಿನ ಬಾಗಿಲಿಗೆ ಬಂದು ನಿಂತಿತು.

ನಮ್ಮ ಕಡೆಯ ಮಾತು

ಈ ಆಟ ನಮ್ಮ ದೇಶಕ್ಕೆ ಬಂದದ್ದು ಗೇಟಿನ ಸಮೇತ. 1829ರಲ್ಲಿ ಕಲ್ಕತ್ತೆಯಲ್ಲಿ, 1876ರಲ್ಲಿ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬುಗಳು ಸ್ಥಾಪನೆಯಾದವು. ಬ್ರಿಟನ್ನಿನ ಹೊರಗಿನ ಅತ್ಯಂತ ಹಳೆಯ ಕ್ಲಬ್ಬುಗಳಲ್ಲಿ ಇವುಗಳ ಗಣನೆ. ಆಂಗ್ಲ ಅಧಿಕಾರಿಗಳು ಆಟವನ್ನು ಹಡಗಿನಲ್ಲಿ ತಂದರು. 1552ರ ಸನ್ನದನ್ನು ಅಲ್ಲೇ ಬಿಟ್ಟುಬಂದರು. ಹೀಗಾಗಿ ಸ್ಥಳೀಯ ಆಟಗಾರ ಎಂಬ ಮಾತಿಗೆ ಇಲ್ಲಿ ಅರ್ಥವೇ ಇರಲಿಲ್ಲ. ಕ್ಲಬ್ಬಿನ ಗೋಡೆಯ ಪಕ್ಕದ ಹಳ್ಳಿಯವನಿಗೆ ಒಳಗೆ ಬರಲು ಇದ್ದ ದಾರಿ ಒಂದೇ: ಚೀಲ ಹೊತ್ತುಕೊಂಡು ಬರುವುದು.

ಆ ದಾರಿಯಿಂದಲೂ ಕೆಲವರು ಎತ್ತರಕ್ಕೆ ಏರಿದರೆಂಬುದು ಹೆಮ್ಮೆಯ ಸಂಗತಿ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿ ಆಟಗಾರ ಆಲಿ ಶೇರ್, ದೆಹಲಿಯಲ್ಲಿ ಕ್ಯಾಡಿಯಾಗಿ ಆಟ ಕಲಿತವರು. 2009ರಲ್ಲಿ ಅದೇ ಪ್ರಶಸ್ತಿ ಗೆದ್ದ ಸಿ. ಮುನಿಯಪ್ಪ ನಮ್ಮ ಬೆಂಗಳೂರಿನವರು. ಅವರೂ ಮೊದಲು ಇತರರ ಚೀಲ ಹೊತ್ತವರೇ. ಸೇಂಟ್ ಆಂಡ್ರೂಸಿನ ಟಾಮ್ ಕಿಡ್‌ಗೂ ಇವರಿಗೂ ಕಸಬು ಒಂದೇ, ಆದರೆ ನಡುವೆ ಒಂದು ವ್ಯತ್ಯಾಸ. ಚೀಲ ಇಳಿಸಿದ ಮೇಲೆ ಕಿಡ್ ತನ್ನೂರಿನ ನೆಲದ ಮೇಲೆ ತನ್ನ ಹಕ್ಕಿನಿಂದ ಆಡಬಲ್ಲವನಾಗಿದ್ದ. ನಮ್ಮವರು ಆಡಿದ್ದು ಕ್ಲಬ್ಬಿನ ಅನುಮತಿಯಿಂದ. ಅನುಮತಿ ಕೊಟ್ಟ ಕೈಯೇ ಅದನ್ನು ಹಿಂದಕ್ಕೆ ಪಡೆಯಬಲ್ಲದು.

ಗಾಲ್ಫಿನ ಗೊಡವೆ ನಮಗೇಕೆ ಎಂದು ಪುಟ ಮಡಚುವ ಮುನ್ನ ಇನ್ನೊಂದು ಮಾತು. ಈ ಮಹಾನಗರಗಳಲ್ಲಿ ನಮ್ಮ ಮಕ್ಕಳು ಕ್ರಿಕೆಟ್ಟೋ ಫುಟ್‌ಬಾಲೋ ಆಡಲು ಇಂದು ಏನು ಮಾಡುತ್ತಿದ್ದಾರೆ? ನಾಲ್ಕು ಹುಡುಗರು ಸೇರಿ ಹಣ ಕೂಡಿಸಿ, ಬಲೆ ಕಟ್ಟಿದ ನಕಲಿ ಹುಲ್ಲಿನ ಅಂಗಳವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುತ್ತಿದ್ದಾರೆ. ಇದಕ್ಕೂ ಒಪ್ಪತಕ್ಕ ಕಾರಣವಿದೆ: ದೀಪ ಬೇಕು, ಕಾವಲು ಬೇಕು, ನೆಲದ ಬೆಲೆ ಏರಿದೆ. ನೆಂಟ ಮನೆಯೊಳಗೆ ಬಂದಾಯಿತು. ಹಣ ಕೂಡಿಸಲಾರದ ಐದನೆಯ ಹುಡುಗ ಬಲೆಯ ಹೊರಗೆ ನಿಂತು ನೋಡುತ್ತಾನೆ. ಅವನಲ್ಲಿ ಒಬ್ಬ ಮಾರಿಸ್, ಒಬ್ಬ ಮುನಿಯಪ್ಪ ಇದ್ದರೆ ನಮಗೆ ತಿಳಿಯುವುದೇ ಇಲ್ಲ.

ನಮ್ಮ ಊರುಗಳ ಗೋಮಾಳ, ಗುಂಡುತೋಪುಗಳ ಕಥೆಯೂ ಬೇರೆಯಲ್ಲ. ಕರ್ನಾಟಕದಲ್ಲಿ 1964ರ ಭೂಕಂದಾಯ ಕಾನೂನು ದನಗಳ ಮೇವಿಗೆಂದು ಭೂಮಿಯನ್ನು ತೆಗೆದಿರಿಸಲು ಅವಕಾಶ ಮಾಡಿದೆ. ಊರ ಸಾಮೂಹಿಕ ಭೂಮಿಯ ಒತ್ತುವರಿಗಳನ್ನು ತೆರವು ಮಾಡಿಸಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿದೆ. ಕಾಗದವೇನೋ ಇದೆ. ಸೇಂಟ್ ಆಂಡ್ರೂಸಿನವರು ತಮ್ಮ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಲಿಲ್ಲ. ಮೊಲದ ವ್ಯಾಪಾರಿ ಬಂದಾಗ, ಕ್ಲಬ್ಬು ಕೊಂಡಾಗ, ಪುರಸಭೆ ಮುಚ್ಚುವಾಗ, ಮೂರು ಸಲವೂ ಹೊರತೆಗೆದು ಮುಂದೆ ಹಿಡಿದರು. ಅವರ ಆಟ ಉಳಿದಿದ್ದರೆ ಅದರಿಂದ.

ಬೇಸಗೆಯ ರಜೆಯಲ್ಲಿ ನಾವೆಲ್ಲ ಊರಿಗೆ ಹೋಗುವವರೇ. ಈ ಬಾರಿ ಹೋದಾಗ ಜಾತ್ರೆ, ಮದುವೆ, ಮಾವಿನಹಣ್ಣುಗಳ ನಡುವೆ ಒಂದು ಸಂಜೆ ಬಿಡುವು ಮಾಡಿಕೊಂಡು, ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡಿದ ಆ ಬಯಲಿಗೆ ಮಕ್ಕಳನ್ನು ಕರೆದೊಯ್ಯಿರಿ. ಬಯಲು ಇನ್ನೂ ಇದೆಯೇ ನೋಡಿರಿ. ಇದ್ದರೆ, ಅದರ ಕಾಗದ ಯಾರ ಬಳಿ ಇದೆ ಎಂದು ಊರ ಹಿರಿಯರನ್ನು ಒಂದು ಮಾತು ಕೇಳಿಬನ್ನಿರಿ.